ಕುರಿಮಂದೆ ಪಕ್ಕದಲ್ಲಿ ಕೂತು ಯೋಚಿಸಿದ ಡಾಕ್ಟರ್

ಗೆಳೆಯರೇ, ಈ ಸಲ ನಾನು ಬರೀತಿರೋದು ಎಂಜಿನಿಯರ್ ಬಗ್ಗೆ ಅಲ್ಲ, ಒಬ್ಬ ಡಾಕ್ಟರ್ ಬಗ್ಗೆ. ಹೆಸರು ಜಾರ್ಜ್ ಥಾಮಸ್ ಬೀಟ್ಸನ್. ತೀರಿಹೋಗಿ ತೊಂಬತ್ತು ವರ್ಷದ ಮೇಲಾಯ್ತು. ಕ್ಯಾನ್ಸರ್ ಬಗ್ಗೆ ಓದುವ ಮೆಡಿಕಲ್ ವಿದ್ಯಾರ್ಥಿಗಳಿಗೆಲ್ಲ ಈ ಹೆಸರು ಗೊತ್ತಿರುತ್ತೆ. ನಮ್ಮಂಥವರಿಗೆ ಗೊತ್ತಿರಲ್ಲ. ನನಗೂ ಹೋದ ವರ್ಷದವರೆಗೆ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಒಂದು ಮಾತ್ರೆ ಪಟ್ಟಿಯಿಂದ. ನಮ್ಮೂರು ಮಧುಗಿರಿ ತಾಲ್ಲೂಕು. ದೊಡ್ಡಮ್ಮನನ್ನು ಕೊಟ್ಟಿರೋದು ಪಾವಗಡದ ಕಡೆ. ನಾನು ಪಿಯುಸಿಯಲ್ಲಿದ್ದಾಗ ಅವರಿಗೆ ಎದೆಯಲ್ಲಿ ಗಂಟು ಕಾಣಿಸಿ, ಬೆಂಗಳೂರಲ್ಲಿ ಆಪರೇಷನ್ ಆಯ್ತು. ಆಮೇಲೆ ಡಾಕ್ಟರು ದಿನಕ್ಕೊಂದು ಚಿಕ್ಕ ಬಿಳಿ ಮಾತ್ರೆ ಬರೆದುಕೊಟ್ಟರು, ಐದು ವರ್ಷ ಬಿಡದೆ ತಗೋಬೇಕು ಅಂತ ಹೇಳಿದರು. ಚೆಕಪ್‌ಗೆ ಪಾವಗಡದಿಂದ ಬೆಳಗಿನ ಬಸ್ ಹತ್ತಿ, ಮಧುಗಿರಿ, ಕೊರಟಗೆರೆ ದಾಟಿ ಬೆಂಗಳೂರಿಗೆ ಸುಮಾರು 160 ಕಿಲೋಮೀಟರ್. ಅಮ್ಮ ಮಧುಗಿರಿಯಲ್ಲಿ ಅದೇ ಬಸ್ ಹತ್ತಿ ಜೊತೆಗೆ ಹೋಗೋರು.

ಎರಡನೇ ವರ್ಷದಲ್ಲಿ ದೊಡ್ಡಮ್ಮ ಮಾತ್ರೆ ನಿಲ್ಲಿಸಿಬಿಟ್ಟರು. ಯಾರಿಗೂ ಹೇಳಲಿಲ್ಲ. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಬೆವರುತ್ತೆ, ರಾತ್ರಿ ನಿದ್ದೆ ಬರಲ್ಲ, ಗಂಟಂತೂ ತೆಗೆದಾಯ್ತಲ್ಲ, ಇನ್ಯಾಕೆ ಮಾತ್ರೆ ಅನ್ನೋದು ಅವರ ವಾದ. ಹಬ್ಬಕ್ಕೆ ಹೋದಾಗ ಗೂಡಲ್ಲಿ ಒಡೆಯದೇ ಇರೋ ಪಟ್ಟಿಗಳು ಸಿಕ್ಕವು. ಓದಿದ ಹುಡುಗ ನೀನೇ ಹೇಳಪ್ಪ, ಈ ಮಾತ್ರೆ ಏನು ಮಾಡುತ್ತೆ ಅಂತ ಅವರು ನನ್ನನ್ನೇ ಕೇಳಿದರು. ನನಗೆ ಉತ್ತರ ಬರಲಿಲ್ಲ. ಪಟ್ಟಿಯ ಮೇಲೆ ಟ್ಯಾಮೊಕ್ಸಿಫೆನ್ ಅಂತ ಬರೆದಿತ್ತು, ಅಷ್ಟೇ ನನಗೆ ಗೊತ್ತಾಗಿದ್ದು. ಆ ಹೆಸರು ಹಿಡಿದು ಹಿಂದೆ ಹಿಂದೆ ಓದುತ್ತಾ ಹೋದಾಗ ಕೊನೆಗೆ ಸಿಕ್ಕವರು ಬೀಟ್ಸನ್. ಅವರ ಕಥೆ ಶುರುವಾಗೋದು ಕುರಿಮರಿಗಳಿಂದ ಅಂದಾಗ, ಇದು ನಮ್ಮ ಕಡೆಯೋರಿಗೆ ಹೇಳಲೇಬೇಕಾದ ಕಥೆ ಅನ್ನಿಸಿತು.

ಹುಟ್ಟು, ಓದು

ಬೀಟ್ಸನ್ ಹುಟ್ಟಿದ್ದು 1848ರಲ್ಲಿ, ಶ್ರೀಲಂಕಾದ ಟ್ರಿಂಕೋಮಲಿಯಲ್ಲಿ. ಆಗ ಅದು ಬ್ರಿಟಿಷರ ಸಿಲೋನ್. ಅಪ್ಪ ಸೈನ್ಯದಲ್ಲಿ ಡಾಕ್ಟರ್. ಹುಡುಗ ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ. ಕೇಂಬ್ರಿಡ್ಜಿನಲ್ಲಿ ಪದವಿ ಮುಗಿಸಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದರು.

ಆ ಕಾಲದಲ್ಲಿ ಎಡಿನ್‌ಬರೋದಲ್ಲಿ ಜೋಸೆಫ್ ಲಿಸ್ಟರ್ ಇದ್ದರು. ಆಪರೇಷನ್ ಮಾಡುವಾಗ ಗಾಯಕ್ಕೆ, ಉಪಕರಣಗಳಿಗೆ, ಕೈಗೆ ಕಾರ್ಬಾಲಿಕ್ ಆಸಿಡ್ ಬಳಸಿ ಕೀವಾಗೋದನ್ನು ತಡೆಯಬಹುದು ಅಂತ ತೋರಿಸಿಕೊಟ್ಟ ಸರ್ಜನ್ ಅವರು. ಲಿಸ್ಟರ್‌ಗಿಂತ ಮುಂಚೆ ಹೊಟ್ಟೆ ಕೊಯ್ದರೆ ರೋಗಿ ಉಳಿಯೋದೇ ಕಷ್ಟ ಅನ್ನೋ ಪರಿಸ್ಥಿತಿ. ಬೀಟ್ಸನ್ ಅವರ ಕೈಕೆಳಗೆ ಕೆಲಸ ಕಲಿತರು. ಇದನ್ನು ನೆನಪಿಟ್ಟುಕೊಳ್ಳಿ. ಈ ಪಾಠ ಇಲ್ಲದಿದ್ದರೆ ಇಪ್ಪತ್ತು ವರ್ಷದ ನಂತರ ಅವರು ಮಾಡಿದ ಆಪರೇಷನ್‌ಗೆ ಕೈ ಹಾಕೋ ಧೈರ್ಯ ಬರುತ್ತಿರಲಿಲ್ಲ.

ಕುರಿ ಸಾಕುವವರ ಪಕ್ಕದಲ್ಲಿ

1876ರಲ್ಲಿ ಅವರಿಗೆ ಒಂದು ವಿಚಿತ್ರ ಕೆಲಸ ಸಿಕ್ಕಿತು. ಸ್ಕಾಟ್ಲೆಂಡಿನ ಪಶ್ಚಿಮ ಭಾಗದ ಹಳ್ಳಿಗಾಡಿನಲ್ಲಿ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡಿದ್ದ ಒಬ್ಬ ಸ್ಥಿತಿವಂತರನ್ನು ನೋಡಿಕೊಳ್ಳೋದು. ಒಬ್ಬನೇ ರೋಗಿ, ದಿನವೆಲ್ಲ ಪುರುಸೊತ್ತು. ಎಂ.ಡಿ. ಪದವಿಗೆ ಪ್ರಬಂಧ ಬೇರೆ ಬರೆಯಬೇಕಿತ್ತು, ವಿಷಯ ಇನ್ನೂ ಹೊಳೆದಿರಲಿಲ್ಲ. ಅಕ್ಕಪಕ್ಕದಲ್ಲೆಲ್ಲ ಕುರಿ ಸಾಕುವವರು. ಒಂದು ಕಡೆ ಮರಿಗಳಿಗೆ ಹಾಲು ಬಿಡಿಸುವ ಕಾಲ ಬಂದಿತ್ತು. ಅದನ್ನು ನೋಡುತ್ತಾ ಅವರಿಗೆ ಹಾಲಿನ ಬಗ್ಗೆಯೇ ಬರೆಯಬೇಕು ಅನ್ನಿಸಿತು.

ಇದು ನಮಗೆ ಹೊಸದಲ್ಲ. ಶಿರಾ ಕಡೆ ನಮ್ಮ ಮಾವನ ಮನೆಯಲ್ಲಿ ಕುರಿ ಇವೆ. ಮರಿ ದೊಡ್ಡದಾದ ಮೇಲೆ ತಾಯಿ ಹತ್ತಿರ ಬಿಡದೆ ಬೇರೆ ಕೂಡ್ತಾರೆ. ಎರಡು ಮೂರು ದಿನ ರೊಪ್ಪದಲ್ಲಿ ಒಂದೇ ಅರಚಾಟ. ಆಮೇಲೆ ಕೆಚ್ಚಲು ತಾನಾಗೇ ಬತ್ತುತ್ತೆ. ಅಕ್ಕಿರಾಂಪುರದ ಸಂತೆಗೆ ಹೋಗೋ ಹೊತ್ತಿಗೆ ಮರಿ ಮೇವು ತಿನ್ನೋದು ಕಲಿತಿರುತ್ತೆ. ನಾನು ಇದನ್ನು ಚಿಕ್ಕಂದಿನಿಂದ ನೋಡಿದ್ದೀನಿ. ಆದರೆ ಕೆಚ್ಚಲಿಗೆ ಹಾಲು ನಿಲ್ಲಿಸು ಅಂತ ಹೇಳೋರು ಯಾರು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಬೀಟ್ಸನ್ ಕೇಳಿಕೊಂಡರು.

ಆಗಿನ ನಂಬಿಕೆ ಪ್ರಕಾರ ದೇಹದ ಒಂದು ಅಂಗದಿಂದ ಇನ್ನೊಂದಕ್ಕೆ ಆಜ್ಞೆ ಹೋಗೋದು ನರದ ಮೂಲಕ. ಆದರೆ ಕೆಚ್ಚಲಿನ ಕೆಲಸವನ್ನು ಹಿಡಿತದಲ್ಲಿಡುವ ಅಂಥ ನರ ಬೀಟ್ಸನ್‌ಗೆ ಕಾಣಲಿಲ್ಲ. ಹುಡುಕುತ್ತಾ ಹೋದಾಗ ಅವರಿಗೆ ರೈತರ ಒಂದು ಪದ್ಧತಿ ತಿಳಿಯಿತು. ಆಸ್ಟ್ರೇಲಿಯಾದಂಥ ಕಡೆ ಹಸು ಕರು ಹಾಕಿದ ಮೇಲೆ ಅದರ ಅಂಡಾಶಯ ತೆಗೆದುಬಿಡುತ್ತಿದ್ದರಂತೆ. ಹಾಗೆ ಮಾಡಿದರೆ ಹಸು ಬಹಳ ಕಾಲ ಹಾಲು ಕೊಡುತ್ತೆ ಅನ್ನೋದು ಅನುಭವದ ಮಾತು. ಅಂದರೆ ಹೊಟ್ಟೆಯೊಳಗೆ ಎಲ್ಲೋ ಇರುವ ಅಂಡಾಶಯ, ದೂರದ ಕೆಚ್ಚಲಿನ ಮೇಲೆ ಅಧಿಕಾರ ನಡೆಸುತ್ತಿದೆ! ಎರಡರ ಮಧ್ಯೆ ಕಣ್ಣಿಗೆ ಕಾಣೋ ತಂತಿ ಇಲ್ಲ.

ಇನ್ನೊಂದು ವಿಷಯವೂ ಅವರ ಕಣ್ಣಿಗೆ ಬಿತ್ತು. ಹಾಲು ಬರುವ ಕಾಲದಲ್ಲಿ ಸ್ತನದೊಳಗಿನ ಜೀವಕೋಶಗಳು ಬೇಗ ಬೇಗ ಹೆಚ್ಚುತ್ತವೆ. ಕ್ಯಾನ್ಸರ್‌ನಲ್ಲೂ ಹೀಗೇ ಹೆಚ್ಚುತ್ತವೆ. ವ್ಯತ್ಯಾಸ ಏನಂದರೆ ಮೊದಲನೆಯದು ಒಂದು ಹಂತಕ್ಕೆ ನಿಂತು ಹಾಲಾಗುತ್ತೆ, ಎರಡನೆಯದು ನಿಲ್ಲೋದೇ ಇಲ್ಲ. ಮೊಲಗಳ ಮೇಲೂ ಪ್ರಯೋಗ ಮಾಡಿ ನೋಡಿದರು. 1878ರಲ್ಲಿ ಹಾಲಿನ ಮೇಲಿನ ಪ್ರಬಂಧಕ್ಕೆ ಎಂ.ಡಿ. ಸಿಕ್ಕಿತು.

ಹದಿನೇಳು ವರ್ಷ

ಇಲ್ಲಿಂದ ಮುಂದೆ ಹದಿನೇಳು ವರ್ಷ ಈ ಯೋಚನೆ ಹಾಗೇ ಕೂತಿತ್ತು. ಬೀಟ್ಸನ್ ಗ್ಲಾಸ್ಗೋಗೆ ಬಂದು ಸರ್ಜನ್ ಆದರು. ಗ್ಲಾಸ್ಗೋ ಆಗ ಹಡಗು, ಕಬ್ಬಿಣ, ಎಂಜಿನ್‌ಗಳ ಊರು, ಕಾರ್ಖಾನೆಯಲ್ಲಿ ದಿನಾ ಯಾರಿಗಾದರೂ ಪೆಟ್ಟು. ಆಸ್ಪತ್ರೆಗೆ ಸೇರಿಸುವ ಮೊದಲೇ ಎಷ್ಟೋ ಜನ ಸಾಯುತ್ತಿದ್ದರು. 1882ರಲ್ಲಿ ಅಲ್ಲಿ ಸೇಂಟ್ ಆಂಡ್ರ್ಯೂಸ್ ಆಂಬುಲೆನ್ಸ್ ಸಂಸ್ಥೆ ಶುರುವಾಯ್ತು. ಅದನ್ನು ಕಟ್ಟಿದವರಲ್ಲಿ ಬೀಟ್ಸನ್ ಒಬ್ಬರು. ಸಾಮಾನ್ಯ ಕೆಲಸಗಾರರಿಗೆ ಪ್ರಥಮ ಚಿಕಿತ್ಸೆ ಕಲಿಸೋದರಲ್ಲಿ ಅವರು ತುಂಬ ವರ್ಷ ಕಳೆದರು.

1890ರ ದಶಕದಲ್ಲಿ ಅವರು ಗ್ಲಾಸ್ಗೋ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೆಲಸ ಮಾಡತೊಡಗಿದರು. ಸ್ತನ ಕ್ಯಾನ್ಸರ್‌ಗೆ ಆಗ ಇದ್ದ ದಾರಿ ಒಂದೇ, ಚಾಕು. ಗಂಟು ಮತ್ತೆ ಬಂದು ಎದೆಗೋಡೆಗೆ ಅಂಟಿಕೊಂಡರೆ ಅದೂ ಇಲ್ಲ. ಅಂಥ ಹೆಂಗಸರಿಗೆ ನೋವಿನ ಔಷಧಿ ಕೊಟ್ಟು ಮನೆಗೆ ಕಳಿಸೋದೇ ಚಿಕಿತ್ಸೆ.

1889ರಲ್ಲಿ ಜರ್ಮನಿಯ ಸರ್ಜನ್ ಆಲ್ಬರ್ಟ್ ಶಿಂಟ್ಸಿಂಗರ್, ಅಂಡಾಶಯ ತೆಗೆದರೆ ಸ್ತನ ಕ್ಯಾನ್ಸರ್‌ಗೆ ಉಪಯೋಗ ಆಗಬಹುದು ಅಂತ ಸೂಚಿಸಿದ್ದರು. ಆದರೆ ಮಾಡಿ ನೋಡಲಿಲ್ಲ. ಐಡಿಯಾ ಇರೋದಕ್ಕೂ ಮಾಡೋದಕ್ಕೂ ಎಷ್ಟು ದೂರ ಅಂತ ನಮ್ಮ ಪ್ರಾಜೆಕ್ಟ್ ಮಾಡಿದವರಿಗೆಲ್ಲ ಗೊತ್ತು!

1895ರ ಬೇಸಿಗೆ

1895ರ ಮೇ ತಿಂಗಳಲ್ಲಿ ಮೂವತ್ತಮೂರು ವರ್ಷದ ಒಬ್ಬ ತಾಯಿ ಬೀಟ್ಸನ್ ಹತ್ತಿರ ಬಂದರು. ಎರಡು ಮಕ್ಕಳು. ಆಗಲೇ ಒಂದು ಸಲ ಆಪರೇಷನ್ ಆಗಿತ್ತು. ಕ್ಯಾನ್ಸರ್ ಅದೇ ಜಾಗದಲ್ಲಿ ವಾಪಸ್ ಬಂದು ಹರಡಿತ್ತು. ಇನ್ನು ಕೊಯ್ಯೋದಕ್ಕೆ ಆಗಲ್ಲ ಅನ್ನೋ ಸ್ಥಿತಿ.

ಬೀಟ್ಸನ್ ಮೊದಲು ಥೈರಾಯ್ಡ್ ಸಾರದ ಮಾತ್ರೆ ಕೊಟ್ಟು ನೋಡಿದರು. ಹೆಚ್ಚೇನೂ ಪ್ರಯೋಜನ ಆಗಲಿಲ್ಲ. ಆಗ ಆಕೆಯನ್ನೂ ಗಂಡನನ್ನೂ ಕೂರಿಸಿಕೊಂಡು ತಮ್ಮ ಯೋಚನೆಯನ್ನು ಪೂರ್ತಿ ಹೇಳಿದರು. ಇದು ಹೊಸದು, ಕೆಲಸ ಮಾಡುತ್ತೆ ಅನ್ನೋ ಭರವಸೆ ಇಲ್ಲ ಅಂತ ಮುಚ್ಚಿಡದೆ ತಿಳಿಸಿದರು. ಅವರು ಒಪ್ಪಿದರು. ಜೂನ್ 15ರಂದು ಎರಡೂ ಅಂಡಾಶಯಗಳನ್ನು ತೆಗೆದರು. ಥೈರಾಯ್ಡ್ ಮಾತ್ರೆಯನ್ನು ಆಮೇಲೂ ಮುಂದುವರಿಸಿದರು.

ಕೆಲವೇ ವಾರಗಳಲ್ಲಿ ಎದೆಯ ಮೇಲಿನ ಗಂಟು ಮೆತ್ತಗಾಗಿ ಕುಗ್ಗತೊಡಗಿತು. ಎಂಟು ತಿಂಗಳ ಹೊತ್ತಿಗೆ ಕಣ್ಣಿಗೆ ಕಾಣುವಂಥ ಕ್ಯಾನ್ಸರ್ ಉಳಿದಿರಲಿಲ್ಲ. ಸ್ತನವನ್ನು ಮುಟ್ಟದೆ, ದೂರದ ಇನ್ನೊಂದು ಅಂಗ ತೆಗೆದು, ಸ್ತನದ ಕ್ಯಾನ್ಸರನ್ನು ಕರಗಿಸಿದ್ದು! 1896ರ ಮೇ ತಿಂಗಳಲ್ಲಿ ಎಡಿನ್‌ಬರೋದ ವೈದ್ಯರ ಸಭೆಯಲ್ಲಿ ಬೀಟ್ಸನ್ ಇದನ್ನು ಮಂಡಿಸಿದರು. ಜುಲೈನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ಕಂತಾಗಿ ಬಂತು.

ಆ ತಾಯಿಯ ಹೆಸರು ಚರಿತ್ರೆಯಲ್ಲಿ ಎಲ್ಲರಿಗೂ ಪರಿಚಯವಾಗಲಿಲ್ಲ. ಬೀಟ್ಸನ್ ಹೆಸರಿನಲ್ಲಿ ಇವತ್ತು ದೊಡ್ಡ ಆಸ್ಪತ್ರೆ ಇದೆ. ಆದರೆ ಮೊದಲು ಹೂಂ ಅಂದವರು ಆಕೆ. ಅವರು ಪೂರ್ತಿ ವಾಸಿಯಾಗಲಿಲ್ಲ. ಆಪರೇಷನ್ ಆದ ಮೇಲೆ ಸುಮಾರು ನಾಲ್ಕು ವರ್ಷ ಬದುಕಿದ್ದರು, ಆಮೇಲೆ ಕ್ಯಾನ್ಸರ್ ಮತ್ತೆ ಬಂತು. ಎರಡು ಮಕ್ಕಳಿಗೆ ಅಮ್ಮ ನಾಲ್ಕು ವರ್ಷ ಜಾಸ್ತಿ ಸಿಕ್ಕಳು ಅಂತ ಲೆಕ್ಕ ಹಾಕಿದರೆ ಅದು ಸಣ್ಣದಲ್ಲ.

ಸರಿ ಎಷ್ಟು, ತಪ್ಪು ಎಷ್ಟು

ಬೀಟ್ಸನ್ ಹೇಳಿದ ಕಾರಣಗಳಲ್ಲಿ ಎಷ್ಟೋ ತಪ್ಪಿದ್ದವು. ಹಾರ್ಮೋನ್ ಅನ್ನೋ ಪದವೇ ಆಗ ಇರಲಿಲ್ಲ, ಅದು ಬಂದಿದ್ದು 1905ರಲ್ಲಿ. ಕ್ಯಾನ್ಸರ್ ಯಾವುದೋ ಪರಾವಲಂಬಿ ಜೀವಿಯಿಂದ ಬರುತ್ತೆ ಅಂತ ತುಂಬ ಜನ ನಂಬಿದ್ದ ಕಾಲ ಅದು. ಅಲ್ಲ, ದೇಹದ ಒಳಗಿನ ಹಿಡಿತ ತಪ್ಪಿ ಬರುತ್ತೆ ಅಂತ ಬೀಟ್ಸನ್ ವಾದಿಸಿದರು. ಆ ಹಿಡಿತ ಯಾವುದರಿಂದ ಅಂತ ಅವರಿಗೆ ತಿಳಿದಿರಲಿಲ್ಲ. ಈಸ್ಟ್ರೋಜನ್ ಸಿಕ್ಕಿದ್ದು 1920ರ ದಶಕದಲ್ಲಿ.

ಲ್ಯಾಬ್ ರೆಕಾರ್ಡ್ ಬರೆಯೋ ನಮಗೆ ಇನ್ನೊಂದು ತಪ್ಪು ತಕ್ಷಣ ಕಾಣುತ್ತೆ. ಅಂಡಾಶಯ ತೆಗೆದರು, ಥೈರಾಯ್ಡ್ ಕೂಡ ಕೊಟ್ಟರು. ಒಟ್ಟಿಗೆ ಎರಡು ಬದಲಾವಣೆ ಮಾಡಿದರೆ ಫಲ ಯಾವುದರಿಂದ ಬಂತು ಅಂತ ಹೇಳೋದು ಹೇಗೆ? ಮುಂದೆ ಬೇರೆ ಸರ್ಜನ್‌ಗಳು ಥೈರಾಯ್ಡ್ ಇಲ್ಲದೆ ಬರೀ ಅಂಡಾಶಯ ತೆಗೆದು ನೋಡಿದ ಮೇಲೆಯೇ ಕೆಲಸ ಮಾಡಿದ್ದು ಆಪರೇಷನ್ ಅಂತ ಸ್ಪಷ್ಟವಾಗಿದ್ದು.

ಆದರೆ ಅವರು ಬಡಾಯಿ ಕೊಚ್ಚಿಕೊಳ್ಳಲಿಲ್ಲ. ಮೊದಲನೇ ರೋಗಿಯಷ್ಟು ಚೆನ್ನಾಗಿ ಎರಡನೆಯವರಿಗೆ ಆಗಲಿಲ್ಲ ಅನ್ನೋದನ್ನೂ ಅದೇ ಲೇಖನದಲ್ಲಿ ಬರೆದರು. 1900ರ ಹೊತ್ತಿಗೆ ಲಂಡನ್ನಿನ ಸ್ಟ್ಯಾನ್ಲಿ ಬಾಯ್ಡ್ ಅನ್ನೋ ಸರ್ಜನ್ ಅಲ್ಲಿವರೆಗೆ ಆದ ಇಂಥ ಆಪರೇಷನ್‌ಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದರು. ಸುಮಾರು ಮೂರರಲ್ಲಿ ಒಬ್ಬರಿಗೆ ಉಪಯೋಗ ಆಗಿತ್ತು, ಅದೂ ಕೆಲವು ಕಾಲ ಮಾತ್ರ. ಉಳಿದ ಇಬ್ಬರಿಗೆ ಯಾಕೆ ಆಗಲಿಲ್ಲ? ಯಾರಿಗೆ ಆಗುತ್ತೆ ಅಂತ ಮೊದಲೇ ತಿಳಿಯೋದು ಹೇಗೆ? ಉತ್ತರ ಸಿಗದ ಕಾರಣ ಡಾಕ್ಟರುಗಳ ಉತ್ಸಾಹ ನಿಧಾನಕ್ಕೆ ಇಳಿಯಿತು.

ಬೀಟ್ಸನ್ ಸುಮ್ಮನೆ ಕೂರಲಿಲ್ಲ. 1907ರಲ್ಲಿ ಸರ್ ಪದವಿ ಬಂತು. ಮೊದಲ ಮಹಾಯುದ್ಧದಲ್ಲಿ ಸ್ಕಾಟ್ಲೆಂಡಿನ ರೆಡ್ ಕ್ರಾಸ್ ಮುಂದಾಳಾಗಿ ಗಾಯಾಳು ಸೈನಿಕರ ಆರೈಕೆಯ ಹೊಣೆ ಹೊತ್ತರು. 1933ರ ಫೆಬ್ರವರಿಯಲ್ಲಿ, ಎಂಬತ್ತನಾಲ್ಕನೇ ವಯಸ್ಸಿನಲ್ಲಿ ತೀರಿಹೋದರು. ಅವರ ಬದುಕಿದ್ದಾಗ ಆ ಮೂರರಲ್ಲಿ ಒಂದರ ಒಗಟು ಬಿಡಿಸಿಕೊಳ್ಳಲಿಲ್ಲ.

ಸ್ಟಾರ್ಟರ್ ಪೆಟ್ಟಿಗೆ

ಒಗಟು ಬಿಡಿಸಿದವರು ಅಮೆರಿಕದ ಎಲ್‌ವುಡ್ ಜೆನ್ಸನ್. 1950ರ ದಶಕದ ಕೊನೆಯಲ್ಲಿ ಅವರು ಈಸ್ಟ್ರೋಜನ್‌ಗೆ ವಿಕಿರಣದ ಗುರುತು ಹಾಕಿ, ದೇಹದಲ್ಲಿ ಅದು ಎಲ್ಲಿಗೆ ಹೋಗಿ ಕೂರುತ್ತೆ ಅಂತ ಹುಡುಕಿದರು. ಕೆಲವು ಜೀವಕೋಶಗಳಲ್ಲಿ ಅದನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನ್ ಇತ್ತು. ಅದೇ ಈಸ್ಟ್ರೋಜನ್ ರಿಸೆಪ್ಟರ್. ಗಂಟಿನಲ್ಲಿ ಈ ರಿಸೆಪ್ಟರ್ ಇದ್ದವರಿಗೆ ಬೀಟ್ಸನ್ ದಾರಿ ಕೆಲಸ ಮಾಡುತ್ತೆ, ಇಲ್ಲದವರಿಗೆ ಮಾಡಲ್ಲ. ಸ್ತನ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಿಸೆಪ್ಟರ್ ಇರುವಂಥವು. ದೊಡ್ಡಮ್ಮನ ರಿಪೋರ್ಟಿನಲ್ಲಿ ಇ.ಆರ್. ಪಾಸಿಟಿವ್ ಅಂತ ಬರೆದಿದ್ದು ಇದನ್ನೇ.

ನಮ್ಮ ಕಡೆಯ ಭಾಷೆಯಲ್ಲಿ ಹೇಳ್ತೀನಿ. ಬೋರ್‌ವೆಲ್ ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿರ್ತೀವಲ್ಲ, ತ್ರೀ ಫೇಸ್ ಬಂದ ತಕ್ಷಣ ತಾನೇ ಓಡೋ ಥರ. ಈಸ್ಟ್ರೋಜನ್ ಅಂದರೆ ಕರೆಂಟ್. ರಿಸೆಪ್ಟರ್ ಅಂದರೆ ಸ್ಟಾರ್ಟರ್. ಜೀವಕೋಶ ಎರಡಾಗೋದು ಅಂದರೆ ಮೋಟರ್ ಓಡೋದು. ಬೀಟ್ಸನ್ ಮಾಡಿದ್ದು ಟಿ.ಸಿ.ಯನ್ನೇ ಬಂದ್ ಮಾಡೋದು. ಕರೆಂಟೇ ಬರಲಿಲ್ಲ, ಮೋಟರ್ ನಿಂತಿತು. ಸ್ಟಾರ್ಟರ್ ಇಲ್ಲದ, ಬೇರೆ ರೀತಿ ಓಡೋ ಮೋಟರ್‌ಗಳಿಗೆ ಇದರಿಂದ ಏನೂ ಆಗಲಿಲ್ಲ.

ಆಪರೇಷನ್ ಇಲ್ಲದೆ, ಸ್ಟಾರ್ಟರ್‌ಗೇ ಬೀಗ ಹಾಕಿದ್ದು ಟ್ಯಾಮೊಕ್ಸಿಫೆನ್. 1962ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಲ್ಯಾಬಿನಲ್ಲಿ ಡೋರಾ ರಿಚರ್ಡ್‌ಸನ್ ಅನ್ನೋ ಕೆಮಿಸ್ಟ್ ಇದನ್ನು ತಯಾರಿಸಿದರು. ಅವರ ತಂಡ ಹುಡುಕುತ್ತಿದ್ದದ್ದು ಗರ್ಭನಿರೋಧಕ ಮಾತ್ರೆ. ಆ ಕೆಲಸಕ್ಕೆ ಅದು ಬರಲಿಲ್ಲ. 1971ರಲ್ಲಿ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ಮೇರಿ ಕೋಲ್ ಮತ್ತು ಜೊತೆಯವರು ಸ್ತನ ಕ್ಯಾನ್ಸರ್‌ಗೆ ಕೊಟ್ಟು ಫಲ ಕಂಡರು. 1973ರಲ್ಲಿ ಬ್ರಿಟನ್ನಿನಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಶುರುವಾಗಿದ್ದೂ ಅದೇ 1973ರಲ್ಲಿ.

ಟ್ಯಾಮೊಕ್ಸಿಫೆನ್‌ನ ಒಂದು ಸೋಜಿಗ ಇದೆ. ಸ್ತನದಲ್ಲಿ ಅದು ಬೀಗ, ಆದರೆ ಮೂಳೆಯಲ್ಲಿ, ಗರ್ಭಕೋಶದಲ್ಲಿ ಕೀಲಿ ಥರ ವರ್ತಿಸುತ್ತೆ. ಇದರಿಂದ ಮೂಳೆಗೆ ಲಾಭ, ಗರ್ಭಕೋಶಕ್ಕೆ ಸ್ವಲ್ಪ ಅಪಾಯ. ಅದಕ್ಕೇ ನಡುವೆ ರಕ್ತಸ್ರಾವ ಆದರೆ ಡಾಕ್ಟರಿಗೆ ಹೇಳಲೇಬೇಕು. ಇದೇ ಜಾತಿಯ ಇನ್ನೊಂದು ಅಣು ನಮ್ಮ ದೇಶದ್ದೇ, ಲಖನೌದ ಸಿ.ಡಿ.ಆರ್.ಐ. ಸಂಸ್ಥೆಯಲ್ಲಿ ಹುಟ್ಟಿದ ಸೆಂಟ್‌ಕ್ರೋಮನ್. ಅದು ಗರ್ಭನಿರೋಧಕ ಮಾತ್ರೆಯಾಗಿ ಗೆದ್ದಿತು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಕೊಡೋ ಛಾಯಾ ಮಾತ್ರೆ ಇದೇ. ಒಂದೇ ಸ್ಟಾರ್ಟರ್, ಅದರ ಮೇಲೆ ಎರಡು ಬೇರೆ ಬೇರೆ ಉಪಯೋಗ.

ಒಂದು ಫ್ಯೂಸ್ ಕಿತ್ತರೆ ಸಾಲದು

ಇನ್ನು ಬೀಟ್ಸನ್‌ರ ಮೊದಲನೇ ರೋಗಿಗೆ ನಾಲ್ಕು ವರ್ಷದ ಮೇಲೆ ಕ್ಯಾನ್ಸರ್ ಯಾಕೆ ವಾಪಸ್ ಬಂತು ಅನ್ನೋ ಪ್ರಶ್ನೆ. ಇವತ್ತು ಸಂಶೋಧಕರು ಒಂದೇ ಮದ್ದಿನಲ್ಲಿ ಹಲವು ಗುರಿಗಳಿಗೆ ಹೊಡೆಯೋ ಪ್ರಯತ್ನ ಮಾಡ್ತಿರೋದು ಇಂಥ ಪ್ರಶ್ನೆಗಾಗಿ.

ಟಿ.ಸಿ. ಬಂದ್ ಆದರೂ ಕರೆಂಟ್ ಬರೋಕೆ ಬೇರೆ ಲೈನ್ ಇದೆ. ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿ ಬಿಡುವ ಹಾರ್ಮೋನನ್ನು, ಕೊಬ್ಬಿನ ಭಾಗದಲ್ಲಿರುವ ಅರೋಮಟೇಸ್ ಅನ್ನೋ ಕಿಣ್ವ ಈಸ್ಟ್ರೋಜನ್ ಆಗಿ ಬದಲಾಯಿಸುತ್ತೆ. ಮುಟ್ಟು ನಿಂತವರಲ್ಲಿ ಇದೇ ಮುಖ್ಯ ಲೈನ್. ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆಗಳು ಕತ್ತರಿಸೋದು ಇದನ್ನು. ಇಷ್ಟಾದರೂ ಕ್ಯಾನ್ಸರ್ ಕೋಶ ಬುದ್ಧಿ ಕಲಿಯುತ್ತೆ. ಕೆಲವು ಸಲ ರಿಸೆಪ್ಟರ್ ಜೀನ್ ಬದಲಾಗಿ, ಈಸ್ಟ್ರೋಜನ್ ಇಲ್ಲದೆಯೂ ಆನ್ ಆಗೇ ಇರುತ್ತೆ. ಸ್ಟಾರ್ಟರ್ ಕಾಂಟ್ಯಾಕ್ಟ್ ಅಂಟಿಕೊಂಡ ಹಾಗೆ. ಇನ್ನು ಕೆಲವು ಸಲ ಸ್ಟಾರ್ಟರನ್ನೇ ಬಿಟ್ಟು ಬೇರೆ ದಾರಿಯಿಂದ ಡೈರೆಕ್ಟ್ ಮಾಡಿಕೊಳ್ಳುತ್ತೆ. ಪಿ.ಐ.ತ್ರೀ.ಕೆ. ಅನ್ನೋ ದಾರಿ ಅಂಥದ್ದು.

ಅದಕ್ಕೆ ಡಾಕ್ಟರುಗಳು ಒಟ್ಟಿಗೆ ಎರಡು ಕಡೆ ಹೊಡೆಯುತ್ತಾರೆ. ಒಂದು ಮಾತ್ರೆ ಕರೆಂಟಿಗೆ, ಇನ್ನೊಂದು ಮೋಟರಿನ ಶಾಫ್ಟಿಗೆ. ಶಾಫ್ಟ್ ಅಂದರೆ ಸಿ.ಡಿ.ಕೆ. 4 ಮತ್ತು 6 ಅನ್ನೋ ಕಿಣ್ವಗಳು, ಕೋಶ ಎರಡಾಗೋಕೆ ಇವು ತಿರುಗಲೇಬೇಕು. ಇವನ್ನು ಹಿಡಿದು ನಿಲ್ಲಿಸೋ ಪಾಲ್ಬೊಸಿಕ್ಲಿಬ್ 2015ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಬೆಲೆ ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ. 2023ರಲ್ಲಿ ಭಾರತದಲ್ಲಿ ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳೂ ತಯಾರಿಸಿ, ಬೆಲೆ ಬಹಳ ಇಳಿಯಿತು.

ಎರಡು ಮಾತ್ರೆ ಅಂದರೆ ಎರಡರ ಅಡ್ಡ ಪರಿಣಾಮ, ಎರಡರ ಖರ್ಚು, ಎರಡನ್ನೂ ನೆನಪಿಟ್ಟು ನುಂಗೋ ಕೆಲಸ. ಹಾಗಾದರೆ ಒಂದೇ ಅಣು ಎರಡು ಗುರಿಗೆ ಹೊಡೆಯುವ ಹಾಗೆ ಮಾಡಬಹುದಾ? ಇದರ ಸುಳಿವು ಟ್ಯಾಮೊಕ್ಸಿಫೆನ್ ಒಳಗೇ ಸಿಕ್ಕಿತು. ದೇಹದಲ್ಲಿ ಅದು ಒಡೆದಾಗ ಹುಟ್ಟುವ ನಾರೆಂಡಾಕ್ಸಿಫೆನ್ ಅನ್ನೋ ಅಣು ರಿಸೆಪ್ಟರ್‌ಗೂ ಕೂರುತ್ತೆ, ಅರೋಮಟೇಸನ್ನೂ ತಡೆಯುತ್ತೆ. ಇದನ್ನು ಮಾದರಿಯಾಗಿ ಇಟ್ಟುಕೊಂಡು ರಸಾಯನಶಾಸ್ತ್ರದವರು ಹೊಸ ಅಣುಗಳನ್ನು ಕಟ್ಟುತ್ತಿದ್ದಾರೆ. ಅರೋಮಟೇಸಿನ ಗೂಡಿನಲ್ಲಿ ಒಂದು ಕಬ್ಬಿಣದ ಪರಮಾಣು ಇದೆ. ಲೆಟ್ರೋಜೋಲ್ ತನ್ನ ನೈಟ್ರೋಜನ್‌ನಿಂದ ಅದನ್ನು ಹಿಡಿಯುತ್ತೆ. ಆ ನೈಟ್ರೋಜನ್ ಉಂಗುರವನ್ನು ಟ್ಯಾಮೊಕ್ಸಿಫೆನ್ ಥರದ ಚೌಕಟ್ಟಿಗೆ ಜೋಡಿಸಿದರೆ ಎರಡೂ ಗೂಡಿಗೆ ಹೊಂದುವ ಅಣು ಆಗಬಹುದು ಅನ್ನೋದು ಒಂದು ಲೆಕ್ಕ.

ಹೇಳೋಕೆ ಸುಲಭ. ಎರಡು ಗೂಡಿನ ಆಕಾರ ಬೇರೆ ಬೇರೆ, ಒಂದಕ್ಕೆ ಸರಿ ಮಾಡಿದರೆ ಇನ್ನೊಂದಕ್ಕೆ ಸಡಿಲ. ಎರಡು ಮಾತ್ರೆಯಾದರೆ ಒಂದರ ಡೋಸ್ ಇಳಿಸಿ ಇನ್ನೊಂದನ್ನು ಏರಿಸಬಹುದು. ಒಂದೇ ಅಣುವಾದರೆ ಆ ಅನುಪಾತ ಅಣುವಿನಲ್ಲೇ ಗಟ್ಟಿಯಾಗಿ ಕೂತಿರುತ್ತೆ. ಕಂಪ್ಯೂಟರಿನಲ್ಲಿ ಸಾವಿರಾರು ಅಣುಗಳನ್ನು ಗೂಡಿಗೆ ಕೂರಿಸಿ ನೋಡೋ ಕೆಲಸದಲ್ಲಿ ಪ್ರೋಗ್ರಾಂ ಬರೆಯೋರೂ ಬೇಕು. ನಮ್ಮ ಸಿ.ಎಸ್. ಗೆಳೆಯರು ಇದನ್ನು ಗಮನಿಸಲಿ.

ಸೊಪ್ಪು, ಬೇರು, ನಾವು

ದೊಡ್ಡಮ್ಮ ಮಾತ್ರೆ ಬಿಟ್ಟಿದ್ದಾಗ ನೆಂಟರೊಬ್ಬರು ಕೊರಟಗೆರೆ ಕಡೆಯಿಂದ ಬೇರಿನ ಪುಡಿ ತಂದುಕೊಟ್ಟಿದ್ದರಂತೆ. ಸಿದ್ಧರಬೆಟ್ಟದ ಗಿಡಮೂಲಿಕೆ ಬಗ್ಗೆ ನಮ್ಮ ಜನಕ್ಕೆ ಇರೋ ನಂಬಿಕೆಯನ್ನು ನಾನು ನಗೆಪಾಟಲು ಮಾಡಲ್ಲ. ಕಾಶಿಕಣಗಿಲೆ ಗಿಡದಿಂದಲೇ ಎರಡು ಕ್ಯಾನ್ಸರ್ ಮದ್ದು ಬಂದಿವೆ. ಒಂದು ಬೇರಿನಲ್ಲಿ ಹತ್ತಾರು ಅಣುಗಳಿದ್ದು ಹಲವು ಗುರಿಗೆ ತಾಗೋದೂ ನಿಜ. ಆದರೆ ಎಷ್ಟು ಪ್ರಮಾಣ, ಯಾವ ಗುರಿ, ಯಾರಿಗೆ ಅನ್ನೋದು ಗೊತ್ತಿಲ್ಲದಿದ್ದರೆ ಅದು ಕತ್ತಲಲ್ಲಿ ಕಲ್ಲೆಸೆದ ಹಾಗೆ. ಕೆಲವು ಗಿಡಗಳಲ್ಲಿ ಈಸ್ಟ್ರೋಜನ್ ಥರ ವರ್ತಿಸೋ ಅಣುಗಳೂ ಇರುತ್ತವೆ. ಬೀಟ್ಸನ್ ಕೂಡ ಶುರು ಮಾಡಿದ್ದು ರೈತರ ನಂಬಿಕೆಯಿಂದಲೇ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಪ್ರಯೋಗ ಮಾಡಿದರು, ಎಷ್ಟು ಜನಕ್ಕೆ ಆಗಲಿಲ್ಲ ಅನ್ನೋದನ್ನೂ ಬರೆದರು.

ಇಷ್ಟೆಲ್ಲ ಓದಿದ ಮೇಲೆ ಉಗಾದಿಗೆ ಪಾವಗಡಕ್ಕೆ ಹೋಗಿ, ದೊಡ್ಡಮ್ಮನನ್ನು ತೋಟದ ಸ್ಟಾರ್ಟರ್ ಪೆಟ್ಟಿಗೆ ಹತ್ತಿರ ಕರೆದುಕೊಂಡು ಹೋದೆ. ಗಂಟು ತೆಗೆದರೂ ಕಣ್ಣಿಗೆ ಕಾಣದ ಕೋಶ ಎಲ್ಲೋ ಉಳಿದಿರಬಹುದು, ಕರೆಂಟ್ ಕಾಯ್ತಾ ಇರಬಹುದು, ಮಾತ್ರೆ ದಿನಾ ಬೀಗ ಹಾಕುತ್ತೆ, ಒಂದು ತಿಂಗಳು ಬಿಟ್ಟರೆ ಬೀಗ ತೆಗೆದ ಹಾಗೆ ಅಂತ ಹೇಳಿದೆ. ಐದು ವರ್ಷ ಬಿಡದೆ ತಗೊಂಡವರಲ್ಲಿ ಈ ಕಾಯಿಲೆಯಿಂದ ಸಾಯೋದು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿದೆ ಅನ್ನೋದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಪೆಟ್ಟಿಗೆಯನ್ನೇ ನೋಡಿದರು. ಆಮೇಲೆ ಆ ಕುರಿ ಡಾಕ್ಟರ್ ಹತ್ತಿರ ಬಂದ ಹೆಂಗಸು ಎಷ್ಟು ದಿನ ಇದ್ದಳು ಅಂತ ಕೇಳಿದರು. ಸುಳ್ಳು ಹೇಳಲಿಲ್ಲ, ನಾಲ್ಕು ವರ್ಷ ಅಂದೆ. ಆಗ ಅವರ ಹತ್ತಿರ ಇದ್ದದ್ದು ಒಂದೇ ದಾರಿ, ಈಗ ನಿಮಗೆ ನಾಲ್ಕೈದು ಇವೆ ಅಂತಲೂ ಅಂದೆ.

ಮುಂದಿನ ವಾರ ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಿ, ಬಿಟ್ಟಿದ್ದನ್ನು ಒಪ್ಪಿಕೊಂಡು, ಮೈ ಬಿಸಿಯಾಗೋದನ್ನೂ ಹೇಳಿದರು. ಅದಕ್ಕೂ ಏನೋ ಪರಿಹಾರ ಕೊಟ್ಟರಂತೆ. ಮಾತ್ರೆ ಮತ್ತೆ ಶುರುವಾಗಿದೆ. ಬಿಟ್ಟ ತಿಂಗಳುಗಳಲ್ಲಿ ಏನಾಗಿದೆಯೋ ಅನ್ನೋ ಹೆದರಿಕೆ ಪ್ರತಿ ಚೆಕಪ್ ದಿನ ಮನೆಯವರಿಗೆಲ್ಲ ಇದ್ದೇ ಇದೆ. ಮೊದಲ ಸಲ ಕೇಳಿದಾಗಲೇ ಉತ್ತರ ಗೊತ್ತಿದ್ದಿದ್ದರೆ ಅಂತ ನನಗೂ ಅನ್ನಿಸುತ್ತೆ.

ಗೆಳೆಯರೇ, ಈ ರಜೆಗೆ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಮೂವತ್ತು ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸ್ತನ ತಪಾಸಣೆಯ ಕಾರ್ಯಕ್ರಮ ಇದೆ, ಅಮ್ಮ, ಚಿಕ್ಕಮ್ಮ, ಅತ್ತೆಯಂದಿರಿಗೆ ಹೇಳಿ. ಮನೆಯಲ್ಲಿ ಯಾರಾದರೂ ದಿನಾ ಮಾತ್ರೆ ತಗೋತಿದ್ದರೆ ಅದರ ಹೆಸರು ಓದಿ, ಏನು ಮಾಡುತ್ತೆ ಅಂತ ತಿಳಿದುಕೊಂಡು, ಅವರಿಗೆ ಅರ್ಥ ಆಗೋ ಮಾತಿನಲ್ಲಿ ಹೇಳಿ. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ರಿಸೆಪ್ಟರ್ ಅನ್ನೋದಕ್ಕೆ ಕನ್ನಡ ಪದ ಹುಡುಕುತ್ತಾ ಕೂರ್ತೀವಿ. ತೋಟದ ಸ್ಟಾರ್ಟರ್ ಅಂದರೆ ಸಾಕಾಗಿತ್ತು.